ತಮಟೆ ಇಲ್ಲದೆ ಊರು ಸಾರುವವರು

ಬಿದರಗುಡ್ಡಕ್ಕೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಗುಡ್ಡದಿಂದ ಇಳಿದ ಮಂಜು ಊರ ಹೆಂಚುಗಳ ಮೇಲೆ ಕೂತಿದೆ. ಕೆಳಗಿನ ಕೇರಿಯಲ್ಲಿ, ಹೊಸ ಹುಲ್ಲು ಹೊದಿಸಿದ ಒಂದು ಪುಟ್ಟ ಮನೆಯ ಮುಂದೆ ಚಿಕ್ಕಮಾದಯ್ಯ ಕುಕ್ಕರಗಾಲಿನಲ್ಲಿ ಕೂತು ಒಂದು ಹಿಡಿ ಒಣಹುಲ್ಲಿಗೆ ಬೆಂಕಿ ತಾಗಿಸುತ್ತಾರೆ. ಎಡಗೈಯಲ್ಲಿ ತಮಟೆ. ಉರಿ ಎದ್ದ ಕೂಡಲೇ ಅದರ ಮುಖವನ್ನು ಉರಿಗೆ ಒಡ್ಡಿ, ಎಳೆಮಗುವಿನ ಬೆನ್ನು ಕಾಯಿಸುವವರ ಹಾಗೆ ನಿಧಾನವಾಗಿ ತಿರುಗಿಸುತ್ತಾರೆ. ರಾತ್ರಿಯ ಮಂಜಿಗೆ ಸಡಿಲಬಿದ್ದ ಚರ್ಮ ಮೆಲ್ಲಗೆ ಬಿಗಿಯಾಗುತ್ತದೆ. ಹೆಬ್ಬೆರಳಿನಿಂದ ಒತ್ತಿ ನೋಡಿ, ಸರಿಹೋಯಿತೆಂದು ತಲೆಯಾಡಿಸುತ್ತಾರೆ.

ಆಮೇಲೆ ಎದ್ದು ಒಳಗೆ ಹೋಗಿ ತಮಟೆಯನ್ನು ಗೋಡೆಯ ಗೂಟಕ್ಕೆ ತೂಗುಹಾಕುತ್ತಾರೆ. ಕಂಬಳಿ ಹೊದ್ದು, ಬರಿಗೈಯಲ್ಲಿ ಊರು ಸಾರಲು ಹೊರಡುತ್ತಾರೆ.

"ಬಡಿಯದ ತಮಟೆಗೆ ದಿನಾ ಬೆಂಕಿ ಯಾಕೆ?" ಎಂದು ಕೇಳುತ್ತೇನೆ.

"ಕಾಯಿಸ್ದಿದ್ರೆ ಉಳ ಇಡೀತದೆ ಸ್ವಾಮಿ. ಯಾವತ್ತು ಅಪ್ಣೆ ಕೊಟ್ಟಾರೋ ಏನೋ. ಕೊಟ್ಟ ದಿನ ಅದ್ಕೆ ದನಿ ಇರ್ಬೇಕಲ್ಲ" ಎನ್ನುತ್ತಾರೆ.

ಇವರು ಬಿದರಗುಡ್ಡ ಪಂಚಾಯ್ತಿಯ ಸಾರುವವರು. ಸರ್ಕಾರ ಏನು ಹೇಳಿತು, ಪಂಚಾಯ್ತಿ ಏನು ತೀರ್ಮಾನಿಸಿತು, ಸಂತೆ ಯಾವತ್ತು, ಯಾರ ಮನೆಯಲ್ಲಿ ಸಾವು, ಎಲ್ಲವೂ ಊರಿಗೆ ತಿಳಿಯುವುದು ಇವರ ಬಾಯಿಂದ. ನಮ್ಮ ಪತ್ರಿಕೆ ಇಲ್ಲಿಗೆ ಬರುವುದು ತಾಲ್ಲೂಕಿನ ಊರಾದ ಕೋಟೆಯಿಂದ ಬರುವ ಬಸ್ಸು ಕೆಡದೆ ಇದ್ದರೆ ಮಧ್ಯಾಹ್ನಕ್ಕೆ, ಕೆಟ್ಟರೆ ಮಾರನೆಯ ದಿನಕ್ಕೆ. ಬಂದರೂ ಓದುವವರು ಛೇರ್ಮನ್ನರು, ಶಾಲೆಯ ಮೇಷ್ಟ್ರು, ಹೋಟೆಲಿನಲ್ಲಿ ಕೂತ ನಾಲ್ಕಾರು ಜನ. ಮಿಕ್ಕ ಊರಿಗೆಲ್ಲ ಚಿಕ್ಕಮಾದಯ್ಯನವರೇ ಪತ್ರಿಕೆ. ಆದರೆ ಹೋದ ಮಳೆಗಾಲದಿಂದ ಅವರಿಗೆ ತಮಟೆ ಬಡಿಯುವ ಅಪ್ಪಣೆಯಿಲ್ಲ. ಬಾಯಲ್ಲಿ ಮಾತ್ರ ಸಾರಬಹುದು. ಈ ಸೋಮವಾರದ ಪಂಚಾಯ್ತಿ ಸಭೆಯಲ್ಲಿ ಆ ತಮಟೆ ಮತ್ತೆ ಅವರ ಕೈಗೆ ಬರುತ್ತದೋ ಅಥವಾ ಗೂಟದಲ್ಲೇ ಉಳಿಯುತ್ತದೋ ತೀರ್ಮಾನವಾಗಬೇಕು.

ನಿಜ ಹೇಳಬೇಕೆಂದರೆ ನಾನು ಮೈಸೂರಿನಿಂದ ಹೊರಟದ್ದು ಕಾಕನಕೋಟೆಯ ಆನೆಗಳ ಬಗ್ಗೆ ಬರೆಯಲು. ಬಸ್ಸು ಬಿದರಗುಡ್ಡದಲ್ಲಿ ಕೈಕೊಟ್ಟಿತು. ಹೋಟೆಲಿನಲ್ಲಿ ಕೂತಿದ್ದಾಗ, ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಒಬ್ಬ ವಯಸ್ಸಾದ ಮನುಷ್ಯ ಗಂಟಲು ಹರಿಯುವ ಹಾಗೆ ಕೂಗುತ್ತಾ ಹೋದದ್ದು ಕಂಡಿತು. ತಮಟೆ ಯಾಕಿಲ್ಲ ಎಂದು ವಿಚಾರಿಸಿದೆ. ಹೋಟೆಲಿನವರು ಮಾತು ಹಾರಿಸಿದರು. ಹಾರಿಸಿದ ಮಾತಿನ ಬೆನ್ನು ಹತ್ತುವುದು ನನ್ನ ಕೆಟ್ಟ ಚಾಳಿ. ಆನೆಗಳ ಬಗ್ಗೆ ಬರೆಯಲು ಬೇಕಾದಷ್ಟು ಜನರಿದ್ದಾರೆ, ಅವು ಕಾಯಲಿ ಎಂದುಕೊಂಡು ಇಲ್ಲೇ ಉಳಿದೆ.

ಬೆಳಗಿನ ಸುತ್ತು ಕೇರಿಯಿಂದ ಶುರುವಾಗಿ, ಕೆಳಗಿನ ಬೀದಿ ಹಾದು, ಅಂಗಡಿ ಬೀದಿ, ಮೇಲಿನ ಬೀದಿ ಮುಗಿಸಿ, ಸಂತೆಮಾಳದಲ್ಲಿ ನಿಲ್ಲುತ್ತದೆ. ನಾನೂ ಜೊತೆಗೆ ನಡೆಯುತ್ತೇನೆ.

"ಕೇಳ್ರಪ್ಪೋ ಕೇಳೀ... ಮಲೇರಿಯಾ ಆಪೀಸ್ನೋರು ಮಂಗಳ್ವಾರ ಬತ್ತಾರಂತೇ... ಮನೆ ಗ್ವಾಡೆಗೆಲ್ಲ ಔಸ್ತಿ ಒಡೀತಾರಂತೇ... ಅಡಿಗೆ ಪಾತ್ರೆ, ಮಡಕೆ ಕುಡಿಕೆ ಆಚ್ಗೆ ತಂದಿಡ್ಬೇಕಂತ ಪಂಚಾಯ್ತಿ ಆರ್ಡ್ರಾಗದೇ..."

ಅರವತ್ತು ದಾಟಿದ ಗಂಟಲು. ಎರಡು ಮನೆ ಆಚೆಗೆ ಮಾತು ಒಡೆದುಹೋಗುತ್ತದೆ. ಆದ್ದರಿಂದ ಎರಡೆರಡು ಮನೆಗೆ ನಿಂತು ಅದನ್ನೇ ಮತ್ತೆ ಹೇಳಬೇಕು. ಹಿಂದೆ ಬೀದಿಗೆ ಒಂದು ಸಾರಿ ಬಡಿದು ಹೇಳಿದ್ದರೆ ಸಾಕಾಗುತ್ತಿತ್ತು. ಒಬ್ಬ ಹೆಂಗಸು ಸಗಣಿ ನೀರು ಹಾಕುತ್ತಿದ್ದವಳು ತಲೆಯೆತ್ತಿ, "ಏನ್ ಚಿಕ್ಮಾದ, ನೀನು ಯಾವಾಗ ಬಂದೆ, ಯಾವಾಗ ಹೋದೆ ಅಂತ್ಲೇ ಗೊತ್ತಾಗಲ್ವಲ್ಲ ಈಗ" ಎನ್ನುತ್ತಾಳೆ. ಅವರು ನಗುತ್ತಾರೆ. ಕೂಗುವ ಮೊದಲು ಪ್ರತಿ ಸಾರಿಯೂ ಅವರ ಬಲಗೈ ತಾನಾಗಿ ತೊಡೆಯ ಮೇಲೆ ಮೂರು ಪೆಟ್ಟು ಹಾಕುವುದನ್ನು ನೋಡುತ್ತೇನೆ. ಅದು ಅವರಿಗೇ ಗೊತ್ತಿದ್ದ ಹಾಗೆ ಕಾಣುವುದಿಲ್ಲ.

ಊರಿನವರೆಲ್ಲ ಅವರನ್ನು 'ಚಿಕ್ಮಾದ' ಎಂದೇ ಕರೆಯುವುದು, ಮೊನ್ನೆ ಮೊನ್ನೆ ಮೀಸೆ ಚಿಗುರಿದವರು ಸಹ. ನಾನು 'ಚಿಕ್ಕಮಾದಯ್ಯನವರೇ' ಎಂದರೆ ಅವರಿಗೆ ಮೈಯೆಲ್ಲ ಸಂಕೋಚ. "ಅಂಗೆಲ್ಲ ಬ್ಯಾಡಿ ಸ್ವಾಮಿ, ಕೇಳ್ದೋರು ಏನಂದ್ಕಂಡಾರು" ಎನ್ನುತ್ತಾರೆ. ಇರಲಿ. ಬರೆಯುವವನು ನಾನು, ಬಹುವಚನವೂ ನನ್ನದು.

ಅವರ ಅಪ್ಪ ಈ ಊರಿನ ಕುಳವಾಡಿ. ಅಪ್ಪನ ಅಪ್ಪನೂ ಅದೇ. ಊರ ಸುದ್ದಿ ಒಯ್ಯುವುದು, ಹಬ್ಬಕ್ಕೆ ಮದುವೆಗೆ ತಮಟೆ ಬಡಿಯುವುದು, ಸಾವಿನ ಮುಂದೆ ನಡೆಯುವುದು ಆ ಮನೆಯ ಪಾಲಿಗೆ ಬಂದ ಕೆಲಸ. ಪಂಚಾಯ್ತಿ ಆದಮೇಲೆ ಅದೇ ಕೆಲಸಕ್ಕೆ ಸಣ್ಣದೊಂದು ಸಂಬಳ ಸೇರಿತು. ಅವರಿಗೆ ಅಕ್ಷರ ಬಾರದು. ಗುಮಾಸ್ತರು ಆರ್ಡರನ್ನು ಒಂದೆರಡು ಸಾರಿ ಓದಿ ಹೇಳುತ್ತಾರೆ, ಇವರು ಕಣ್ಣುಮುಚ್ಚಿ ಕೇಳಿಕೊಂಡು ತಮ್ಮ ಮಾತಿಗೆ ತಿರುಗಿಸಿಕೊಳ್ಳುತ್ತಾರೆ. ಚಳಿಜ್ವರ ಬಂದು ನಡುಗುತ್ತಿದ್ದಾಗಲೂ ಸುತ್ತು ತಪ್ಪಿಸಿಲ್ಲ. ಕಾಡಿನಂಚಿನ ಹಾಡಿಗಳಿಗೆ ಸುದ್ದಿ ಒಯ್ಯುವಾಗ ಆನೆಗೆ ಎದುರಾಗಿ ಮರ ಹತ್ತಿ ಕೂತದ್ದೂ ಉಂಟು. ಚುನಾವಣೆ ಎಂದರೇನು, ಪೆಟ್ಟಿಗೆಯಲ್ಲಿ ಚೀಟಿ ಹಾಕುವುದು ಹೇಗೆ ಎಂದು ಊರಿಗೆ ಮೊದಲು ಹೇಳಿದವರು ಇವರು. ಹೋದ ವರ್ಷ ಹೊಸ ಪೈಸೆ ಬಂದಾಗ ಹಳೆ ಕಾಸು ಚೆಲ್ಲಬೇಕಾಗಿಲ್ಲ ಎಂದು ಹೆಂಗಸರಿಗೆ ಧೈರ್ಯ ಹೇಳಿದವರೂ ಇವರೇ.

"ಅದೊಂದ್ ವಾರ ಸಾಕಾಗೋಯ್ತು ಕಣ್ ಸ್ವಾಮಿ. ಮನೆಮನೇಲೂ ನಿಲ್ಸಿ, ನಿಮ್ ಸರ್ಕಾರುಕ್ಕೆ ಬುದ್ದಿ ಅದಾ ಅಂತ ನನ್ನೇ ಬಯ್ಯೋರು. ನಂದಾ ಸರ್ಕಾರ?"

ಈಗ ಆ ತಮಟೆಯ ವಿಷಯಕ್ಕೆ ಬರುತ್ತೇನೆ. ಬಿದರಗುಡ್ಡದಲ್ಲಿ ತಮಟೆಗೆ ಎರಡು ಬಡಿತ. ಒಂದು ಸರ್ಕಾರಿ ಬಡಿತ: ಮೂರು ಪೆಟ್ಟು, ಒಂದು ಬಿಡುವು, ಮತ್ತೆ ಮೂರು ಪೆಟ್ಟು. ಇನ್ನೊಂದು ಸಾವಿನ ಬಡಿತ. ಅದು ನಿಧಾನ, ಒಂದು ದೊಡ್ಡ ಪೆಟ್ಟಿನ ಹಿಂದೆ ಒಂದು ಸಣ್ಣ ಪೆಟ್ಟು, ನಡುವೆ ಉಸಿರು ತೆಗೆದುಕೊಳ್ಳುವಷ್ಟು ಬಿಡುವು. ಸತ್ತವರ ಮನೆಯಿಂದ ಹೇಳಿಕೆ ಬಾರದೆ ಇದನ್ನು ಬಡಿಯುವಂತಿಲ್ಲ. ಮನೆಯ ಮುಂದೆ ಕೂತು ಸುಮ್ಮನೆ ಅಭ್ಯಾಸಕ್ಕೂ ಬಡಿಯುವಂತಿಲ್ಲ. ಇದು ಕಿವಿಗೆ ಬಿದ್ದ ಕೂಡಲೇ ಯಾವ ಮನೆಯಾದರೂ ಸರಿ, ಒಲೆಯ ಸೌದೆ ಹಿಂದಕ್ಕೆಳೆದು, ಉಣ್ಣುತ್ತಿದ್ದವರು ಕೈತೊಳೆದು, ಮಕ್ಕಳು ಮುದುಕರು ಸಮೇತ ಬಾಗಿಲ ಹೊರಗೆ ಬಂದು ನಿಲ್ಲಬೇಕು. ಸಾವು ಊರಲ್ಲಿ ನಡೆದಾಡುವಾಗ ಯಾರೂ ಸೂರಿನ ಕೆಳಗಿರಬಾರದು ಎಂಬುದು ಇಲ್ಲಿನ ನಡವಳಿಕೆ. ಹೊರಬಂದವರು "ಯಾರು?" ಎನ್ನುತ್ತಾರೆ. ಬಡಿಯುವವನು ಹೆಸರು ಹೇಳಿ ಮುಂದಕ್ಕೆ ಹೋಗುತ್ತಾನೆ.

ಸರ್ಕಾರಿ ಬಡಿತದ ಕಥೆಯೇ ಬೇರೆ. ಆ ಬಡಿತದ ಹಿಂದೆಯೇ ಸಿಡುಬಿಗೆ ದಾಕು ಚುಚ್ಚುವವರು ಬಂದಿದ್ದಾರೆ, ಕಂದಾಯದವರು ಬಂದಿದ್ದಾರೆ, ನಾಯಿ ಹಿಡಿಯುವವರು ಬಂದಿದ್ದಾರೆ. ಆದ್ದರಿಂದ ಅದು ಕೇಳಿಸಿದರೆ ಜನ ಬಾಗಿಲು ಹಾಕಿಕೊಳ್ಳುತ್ತಾರೆ. ಮಕ್ಕಳನ್ನು ಅಟ್ಟಕ್ಕೆ ಹತ್ತಿಸಿ ಕಿವಿಯನ್ನು ಮಾತ್ರ ಬಾಗಿಲ ಸಂದಿಗೆ ಇಡುತ್ತಾರೆ. ಇದನ್ನು ಯಾರೂ ತಪ್ಪೆಂದು ಭಾವಿಸಿದ್ದಿಲ್ಲ.

ಹೋದ ಆಷಾಢದಲ್ಲಿ ಮಳೆ ಹಿಡಿದುಕೊಂಡಿತು. ಗುಡ್ಡದ ನೀರೆಲ್ಲ ಬಂದು ಸೇರುವುದು ಊರ ಮೇಲಿರುವ ದೊಡ್ಡಕೆರೆಗೆ. ಒಂದು ಸಂಜೆ, ದೀಪ ಹಚ್ಚುವ ಹೊತ್ತಿಗೆ, ಕೆರೆಯ ತೂಬು ನೋಡಿಕೊಳ್ಳುವ ನೀರುಗಂಟಿ ನಿಂಗಯ್ಯ ಓಡುತ್ತಾ ಬಂದು ಚಿಕ್ಕಮಾದಯ್ಯನವರ ಬಾಗಿಲಲ್ಲಿ ಕುಸಿದ. ಏರಿಯ ನಡುಮಧ್ಯ ಮಣ್ಣು ಕುಸಿಯುತ್ತಿದೆ, ಹೆಚ್ಚು ಹೊತ್ತು ತಡೆಯುವುದಿಲ್ಲ ಎಂದ. ಏರಿ ಒಡೆದರೆ ನೀರು ನೇರವಾಗಿ ಬರುವುದು ಕೆಳಗಿನ ಬೀದಿ ಮತ್ತು ಕೇರಿಯ ಮೇಲೆ. ಪಂಚಾಯ್ತಿಯವರನ್ನು ಹುಡುಕಿ ಅಪ್ಪಣೆ ಪಡೆಯುವಷ್ಟು ಹೊತ್ತಿರಲಿಲ್ಲ. ಕೇರಿಯವರನ್ನು ಕೂಗಿ ಹೊರಡಿಸುವ ಕೆಲಸವನ್ನು ಹೆಂಡತಿ ದೊಡ್ಡತಾಯಮ್ಮನಿಗೆ ಬಿಟ್ಟು, ತಮಟೆಯನ್ನು ಕಂಬಳಿಯೊಳಗೆ ಬಚ್ಚಿಟ್ಟುಕೊಂಡು ಚಿಕ್ಕಮಾದಯ್ಯ ಕೆಳಗಿನ ಬೀದಿಗೆ ಓಡಿದರು.

"ಮೊದ್ಲು ಸರ್ಕಾರಿ ಬಡ್ತವೇ ಬಡ್ದೆ ಸ್ವಾಮಿ. ಅದೇ ಅಲ್ವಾ ನನ್ ಕೆಲ್ಸ. ಬಡೀತಾ ಬಡೀತಾ ಒಂದೊಂದೇ ಬಾಗ್ಲು ಆಕ್ಕಂಡ್ರು. ತೆಗ್ದಿದ್ದ ಬಾಗ್ಲೂ ಆಕ್ಕಂಡ್ರು. ಕೆರೆ ಒಡೀತದೆ ಅಂತ ಕೂಗಿದ್ರೆ ಮಳೆ ಸದ್ದು, ಯಾರ್ಗೂ ಕೇಳಾಕಿಲ್ಲ. ಒಬ್ಬಮ್ಮ ಒಳಗಿಂದ್ಲೇ, ಸೂಜಿಯೋರು ಬಂದವ್ರೆ, ಮಗೀನ ಅಟ್ಟಕ್ಕತ್ಸು ಅಂತ ಕೂಗ್ತಾ ಅವ್ಳೆ. ನಾನು ಬಡೀತಿದ್ರೆ ಅವ್ರು ಒಳಗೇ ಸೇರ್ಕತಾ ಅವ್ರೆ."

ಬೀದಿಯ ನಡುವೆ ನಿಂತು ಒಂದು ಗಳಿಗೆ ಅವರು ಬಡಿಯುವುದನ್ನೇ ನಿಲ್ಲಿಸಿದರಂತೆ. ಆಮೇಲೆ ಸಾವಿನ ಬಡಿತ ಶುರುಮಾಡಿದರು.

"ಎರಡ್ ಪೆಟ್ಟು ಬಿದ್ದಿತ್ತೋ ಇಲ್ವೋ. ಬಾಗ್ಲು ಬಾಗ್ಲೆಲ್ಲ ತೆಗ್ದೋದ್ವು."

ಜನ ಮಳೆಯಲ್ಲಿ ಹೊರಬಂದು ನಿಂತರು. ಯಾರು, ಯಾರು ಎಂದು ಕೇಳಿದರು. ಅವರು ಹೆಸರು ಹೇಳಲಿಲ್ಲ. ಸಂತೆಮಾಳಕ್ಕೆ ನಡೆಯಿರಿ, ಕೆರೆ ಬರುತ್ತಿದೆ, ಒಬ್ಬರೂ ಹಿಂದೆ ಉಳಿಯಬೇಡಿ ಎನ್ನುತ್ತಾ ಬಡಿಯುತ್ತಲೇ ಹತ್ತಿದರು. ಆಗಲೇ ಮೇಲಿನಿಂದ ಕೆರೆಯ ಮೊರೆತ ಕೇಳಿಸುತ್ತಿತ್ತು. ತಮಟೆಯ ಸದ್ದಿಗೆ ಅಂಗಡಿ ಬೀದಿಯವರು, ಮೇಲಿನ ಬೀದಿಯವರು ಸಹ ಹೊರಬಂದು ಜೊತೆ ಸೇರಿದರು. ಛೇರ್ಮನ್ ಗುರುಮಲ್ಲಪ್ಪನವರು ಈಗ ಆ ಸಂಜೆಯನ್ನು ನೆನೆದು ನಗುತ್ತಾರೆ. "ಯಾರು ಹೋದ್ರು ಅಂತ ನಾನು ಓಡ್ತಾ ಬಂದ್ರೆ ಎಲ್ರೂ ನನ್ನನ್ನೇ ದೆವ್ವ ಕಂಡಂಗೆ ನೋಡ್ತಿದ್ರು. ತಮಟೆ ಮೇಲಿನ ಬೀದಿ ಕಡೆ ಬರ್ತಿತ್ತಲ್ಲ, ನಾನೇ ಹೋದೆ ಅಂದ್ಕೊಂಡಿದ್ರಂತೆ" ಎನ್ನುತ್ತಾರೆ.

ಮಾಳದಲ್ಲಿ ಜನ ನಿಂತು ನೋಡುತ್ತಿದ್ದಂತೆಯೇ ಏರಿ ಒಡೆಯಿತು. ಕೆಳಗಿನ ಬೀದಿಯ ಮಣ್ಣುಗೋಡೆಗಳು ನೀರಲ್ಲಿ ಕರಗಿದವು. ಕೇರಿಯಲ್ಲಿ ಒಂದು ಮನೆಯೂ ಉಳಿಯಲಿಲ್ಲ. ದನಕರುಗಳು ಹೋದವು, ಕಣಜದ ರಾಗಿ ಹೋಯಿತು. ಮನುಷ್ಯರು ಒಬ್ಬರೂ ಹೋಗಲಿಲ್ಲ.

ಇಲ್ಲಿಗೆ ಮುಗಿದಿದ್ದರೆ ಊರು ಚಿಕ್ಕಮಾದಯ್ಯನವರಿಗೆ ಒಂದು ಹಾರ ಹಾಕಿ ಸುಮ್ಮನಾಗುತ್ತಿತ್ತು. ಆದರೆ ಆ ಮಾಳದಲ್ಲೇ, ತಂತಮ್ಮ ಮಕ್ಕಳು ಮರಿಗಳನ್ನು ಎಣಿಸಿ ಉಸಿರು ಬಿಟ್ಟಮೇಲೆ, ಅಂಗಡಿ ಬೀದಿಯ ಪುಟ್ಟಮಲ್ಲಪ್ಪನವರು ಒಂದು ಮಾತು ಕೇಳಿದರು: "ಸಾವಿನ ತಮಟೆ ಬಡಿದ್ಯಲ್ಲಾ ಚಿಕ್ಮಾದ, ಯಾರ ಹೆಸರಿಗೆ?"

ಸಾವಿನ ಬಡಿತ ಒಮ್ಮೆ ಬಿದ್ದರೆ ಅದಕ್ಕೊಂದು ಹೆಸರು ಬೇಕು. ಹೆಸರು ಸಿಕ್ಕದಿದ್ದರೆ ಅದು ತಾನೇ ಒಂದು ಮನೆ ಹುಡುಕಿಕೊಂಡು ಹೋಗುತ್ತದೆ ಎಂದು ಇಲ್ಲಿಯವರು ನಂಬಿದ್ದಾರೆ. ತಾಯಂದಿರು ಮಕ್ಕಳನ್ನು ಸೆರಗಿನೊಳಕ್ಕೆ ಎಳೆದುಕೊಂಡರು. ಚಿಕ್ಕಮಾದಯ್ಯ ಸುತ್ತ ನಿಂತಿದ್ದ ಮುಖಗಳನ್ನೆಲ್ಲ ಒಮ್ಮೆ ನೋಡಿ, "ನನ್ನೆಸರ್ಗೆ ಬುದ್ದಿ" ಎಂದರು.

ಇದನ್ನು ಮೈಸೂರಿನಲ್ಲಿ ಕಾಫಿ ಕುಡಿಯುತ್ತಾ ಓದುವವರು ಮೂಢನಂಬಿಕೆ ಎಂದು ಪುಟ ತಿರುವಬಹುದು. ನನಗೂ ಇದರಲ್ಲಿ ನಂಬಿಕೆಯಿಲ್ಲ. ಆದರೆ ಚಿಕ್ಕಮಾದಯ್ಯನವರಿಗೆ ಇದೆ, ಊರಲ್ಲಿ ಯಾರಿಗಿಂತಲೂ ಹೆಚ್ಚಾಗಿ ಇದೆ. ನಾನು ಬಿಟ್ಟೂಬಿಡದೆ ಕೇಳಿ ತಿಳಿದುಕೊಂಡಿದ್ದೇನೆ. ಆ ಮಾತಾಡಿದಾಗ ಅವರು ನಾಳೆಯೋ ನಾಡಿದ್ದೋ ಸಾಯುತ್ತೇನೆಂದು ಖಂಡಿತವಾಗಿ ತಿಳಿದಿದ್ದರು. ಹಾಗೆ ತಿಳಿದೇ ಆ ಮಾತು ಆಡಿದರು.

ಅವರು ಸಾಯಲಿಲ್ಲ. ತೊಂದರೆ ಅಲ್ಲಿಂದಲೇ ಶುರುವಾಯಿತು. ತಮಟೆ ಬಿದ್ದ ಮನುಷ್ಯ ಎದ್ದು ಓಡಾಡುತ್ತಿದ್ದಾನೆ ಎಂದರೆ ಆ ಸಾವು ಇನ್ನೂ ಎಲ್ಲೋ ಕಾಯುತ್ತಿದೆ ಎಂದು ಜನ ದಿಗಿಲುಬಿದ್ದರು. ಬೆಳಗ್ಗೆದ್ದು ಅವರ ಮುಖ ನೋಡಬಾರದೆಂದರು. ಮದುವೆಗೆ, ಮಾರಿಹಬ್ಬಕ್ಕೆ ತಮಟೆಗೆ ಕರೆಯುವುದು ನಿಂತಿತು. ಕೊನೆಗೆ ಆ ತಮಟೆಯ ಸದ್ದೇ ಬೇಡ, ಬಾಯಲ್ಲಿ ಸಾರಲಿ ಎಂದು ಪಂಚಾಯ್ತಿಗೆ ಅರ್ಜಿ ಹೋಯಿತು. ಪಂಚಾಯ್ತಿಯ ಸಂಬಳ ರಾಗಿಗೆ ಸರಿಹೋಗುತ್ತದೆ. ಮಿಕ್ಕದ್ದೆಲ್ಲ ಹಬ್ಬ ಮದುವೆಯ ತಮಟೆಯಿಂದ ಬರಬೇಕಾದದ್ದು.

ಅವರದೇ ಕೇರಿಯ ಯಜಮಾನರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಗಂಡನ ಹೆಸರಿಗೆ ತಮಟೆ ಬಿದ್ದಿದೆ, ಬಳೆ ತೆಗೆದುಬಿಡು ಎಂದು ದೊಡ್ಡತಾಯಮ್ಮನಿಗೆ ಹೇಳಿದರು. ತೆಗೆದರೆ ಬಡಿತಕ್ಕೆ ಸಮಾಧಾನವಾಗಿ ಗಂಡ ಉಳಿದರೂ ಉಳಿಯಬಹುದು ಎಂಬುದು ಅವರ ವಾದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದರಂತೆ.

"ನಾ ತೆಗೀನಿಲ್ಲ ಕಣಪ್ಪ" ಎನ್ನುತ್ತಾರೆ ದೊಡ್ಡತಾಯಮ್ಮ. ಕೈಯಲ್ಲಿ ಹಸಿರು ಗಾಜಿನ ಬಳೆಗಳಿವೆ. "ಸತ್ತೋನು ದಿನಾ ಸೊಪ್ನೆಸ್ರಿಗೆ ಉಪ್ಪು ಸಾಲ್ದು ಅಂತಾನಾ? ಆದ್ರೂ ಎದ್ರಿಕೆ ಇಲ್ದೆ ಇರ್ತದಾ. ಅವ್ನು ನಿದ್ದೇಲಿದ್ರೆ ಮೂಗಿನತ್ರ ಕೈ ಇಟ್ ನೋಡ್ತೀನಿ. ಅವ್ನಿಗೆ ಗೊತ್ತಾಯ್ತದೆ. ಗೊತ್ತಾದ್ರೂ ಸುಮ್ಕಿರ್ತಾನೆ."

ಸೋಮವಾರ. ಪಂಚಾಯ್ತಿ ಚಾವಡಿಯ ಒಳಗೆ ಬೆಂಚಿನ ಮೇಲೆ ಮೆಂಬರುಗಳು ಕೂತಿದ್ದಾರೆ. ಬೀದಿ ದೀಪದ ಸೀಮೆಎಣ್ಣೆ, ಸಂತೆಯ ಸುಂಕ, ಒಡೆದ ಏರಿಗೆ ಮಣ್ಣು ಹಾಕಿಸುವುದು ಎಲ್ಲ ಮುಗಿದಮೇಲೆ ತಮಟೆಯ ವಿಷಯ ಬರುತ್ತದೆ. ಚಿಕ್ಕಮಾದಯ್ಯ ಹೊರಗೆ ಮೆಟ್ಟಿಲ ಕೆಳಗೆ ಕೈಕಟ್ಟಿ ನಿಂತಿದ್ದಾರೆ. ಗುರುಮಲ್ಲಪ್ಪನವರು, "ಒಳಕ್ಕೆ ಬಾ, ಈಗ ಕಾನೂನೇ ಬಂದದೆ" ಎನ್ನುತ್ತಾರೆ. ಅವರು ಒಂದು ಮೆಟ್ಟಿಲು ಹತ್ತಿ ನಿಲ್ಲುತ್ತಾರೆ, ಅಷ್ಟೆ. ಇನ್ನೊಂದು ಸಾರಿ ಕರೆಯಲು ಛೇರ್ಮನ್ನರಿಗೂ ಆಗುವುದಿಲ್ಲ. ಕಾನೂನಿಗೂ ಬಿದರಗುಡ್ಡಕ್ಕೆ ಬರಲು ಕೋಟೆಯ ಬಸ್ಸೇ ಗತಿ ಎಂದು ಕಾಣುತ್ತದೆ.

ಪುಟ್ಟಮಲ್ಲಪ್ಪನವರು ಮೆಂಬರು. ಕೆಟ್ಟ ಮನುಷ್ಯರೇನಲ್ಲ. ಕೆಳಗಿನ ಬೀದಿಯಲ್ಲಿದ್ದ ಅವರ ಮಗಳ ಸಂಸಾರ ಉಳಿದದ್ದು ಆ ಸಂಜೆಯ ತಮಟೆಯಿಂದಲೇ. ಅವರು ಎದ್ದು ನಿಂತು ಹೇಳುತ್ತಾರೆ: "ಅವನು ಮಾಡಿದ್ದು ಉಪಕಾರವೇ. ಇಲ್ಲ ಅಂತ ಯಾರೂ ಅನ್ನಲ್ಲ. ಆದ್ರೆ ಆ ಬಡಿತ ನಮ್ಮ ತಲೆ ಮೇಲೆ ಸುತ್ತುತಾ ಅದೆ. ಮಾರಮ್ಮನ ಗುಡಿ ಮುಂದೆ ನಿಂತು, ತಪ್ಪಾಯ್ತು, ಸುಳ್ಳು ಬಡಿತ ಬಡಿದೆ, ವಾಪಸ್ ತಗೊಂಡೆ ಅಂತ ಅಂದ್ಬುಡ್ಲಿ. ತಮಟೆ ಕೊಟ್ಬುಡಣ."

ಎಲ್ಲರ ಮುಖದಲ್ಲೂ ಸಮಾಧಾನ. ಇದಕ್ಕಿಂತ ಸುಲಭದ ದಾರಿ ಇನ್ನೇನಿದೆ? ನಾನೂ ಹಾಗೆಯೇ ಅಂದುಕೊಳ್ಳುತ್ತೇನೆ. ಒಂದು ಮಾತು ಆಡಿದರೆ ಮುಗಿಯಿತು.

ಚಿಕ್ಕಮಾದಯ್ಯ ತಲೆಯೆತ್ತದೆ ಹೇಳುತ್ತಾರೆ: "ಆಗಾಕಿಲ್ಲ ಬುದ್ದಿ. ನಾನು ವಾಪಸ್ ತಗಂಡ್ರೆ ಅದ್ಕೆ ಎಸ್ರಿಲ್ದಂಗಾಯ್ತದೆ. ಆಮ್ಯಾಕೆ ಯಾರ್ ಮನೆ ಬಾಗ್ಲಿಗೋ ಓಯ್ತದೆ. ಎಳೆ ಮಕ್ಳಿರೋ ಮನೆಗ್ ಓದ್ರೆ? ನನ್ ತಾವೇ ಇರ್ಲಿ ಬುಡಿ. ತಮಟೆ ಕೊಡ್ದಿದ್ರೂ ಚಿಂತಿಲ್ಲ."

ದಿನಾ ಬೆಳಗ್ಗೆ ಆ ತಮಟೆಗೆ ಬೆಂಕಿ ತೋರುವ ಮನುಷ್ಯ ಈ ಮಾತು ಹೇಳುತ್ತಿರುವುದು. ಅಷ್ಟರಲ್ಲಿ ಹೊರಗಿನ ಜಗಲಿಯ ಕಡೆಯಿಂದ ಒಬ್ಬ ಮುದುಕಿ ಕೋಲೂರಿಕೊಂಡು ಬಾಗಿಲಿಗೆ ಬರುತ್ತಾರೆ. ಕೆಳಗಿನ ಬೀದಿಯ ನೀಲಾಂಬಿಕೆ. ಒಂಟಿ ಹೆಂಗಸು. ಆ ಸಂಜೆ ಅವರ ಮನೆಯ ಹಿಂಗೋಡೆ ಬಿದ್ದದ್ದು ಅವರು ಬಾಗಿಲು ದಾಟಿದ ಮೇಲೆ. ಹೆಂಗಸರು ಈ ಚಾವಡಿಗೆ ಬಂದು ಮಾತಾಡುವ ರೂಢಿಯಿಲ್ಲ. ಯಾರೂ ತಡೆಯುವುದಿಲ್ಲ.

"ಎಸ್ರು ತಾನೇ ಬೇಕಾಗಿರೋದು? ನನ್ನೆಸ್ರು ತಗೊಳ್ರಪ್ಪ" ಎನ್ನುತ್ತಾರೆ ಅವರು. "ನಂಗೂ ಸಾಕಾಗದೆ. ಅವತ್ತೇ ನೀರಲ್ಲಿ ಹೋಗ್ಬೇಕಾಗಿದ್ದ ಜೀವ. ಚಿಕ್ಮಾದ, ನನ್ನೆಸ್ರಿಗೆ ಅಂತ ಅಂದ್ಬುಡು. ನಿನ್ ಎಂಡ್ತಿ ನೆಮ್ಮದಿಯಾಗಿ ಮಲಗ್ಲಿ."

ಚಿಕ್ಕಮಾದಯ್ಯ ಮೊದಲ ಸಲ ತಲೆಯೆತ್ತಿ ಅವರನ್ನು ನೋಡುತ್ತಾರೆ. "ಕೊಟ್ಟಾಗದೆ ಕಣವ್ವ. ಬದ್ಲಾಯ್ಸಾಕಾಗಾಕಿಲ್ಲ. ನೀವು ಮನೆಗೋಗಿ" ಎನ್ನುತ್ತಾರೆ. ಆ ಮುದುಕಿ ಅಲ್ಲೇ ಬಾಗಿಲಿಗೊರಗಿ ಕಣ್ಣೊರೆಸಿಕೊಳ್ಳುತ್ತಾರೆ. ನನಗೂ ಕಣ್ಣು ತುಂಬಿ ಬರುತ್ತದೆ, ಮುಚ್ಚಿಡುವುದೇನು.

ಕೊನೆಗೆ ಪುಟ್ಟಮಲ್ಲಪ್ಪನವರೇ ಮಾತೆತ್ತುತ್ತಾರೆ. ದನಿ ಇಳಿದಿದೆ. "ಹಂಗಾದ್ರೆ ಒಂದ್ ದಾರಿ ಅದೆ. ಒಬ್ಬ ಮನುಷ್ಯನಿಗೆ ಸಾವಿನ ತಮಟೆ ಒಂದೇ ಸಾರಿ. ನಿಂದು ಅವತ್ತೇ ಬಡಿದಾಯ್ತು ಅಂತ ಊರು ಒಪ್ಕೊಳ್ತದೆ. ಇನ್ನು ಅದು ಯಾರನ್ನೂ ಹುಡುಕ್ಕೊಂಡು ಹೋಗಬೇಕಾಗಿಲ್ಲ. ಆದ್ರೆ ಮುಂದೆ ಯಾವತ್ತಾದ್ರೂ ನೀನು ಹೋದಾಗ ನಿನ್ನ ಮುಂದೆ ತಮಟೆ ಇರಲ್ಲ. ಯಾರೂ ಬಡಿಯೋ ಹಂಗಿಲ್ಲ. ನಿಂಗೆ ಒಪ್ಗೆನಾ?"

ಈ ಮಾತಿನ ತೂಕ ನನಗೆ ತಕ್ಷಣ ತಿಳಿಯಲಿಲ್ಲ. ಗುರುಮಲ್ಲಪ್ಪನವರು ನನ್ನ ಕಡೆ ಬಾಗಿ ತಿಳಿಸಿ ಹೇಳುತ್ತಾರೆ. ತಮಟೆಯಿಲ್ಲದೆ ಹೊರಡುವ ಹೆಣಗಳು ಈ ಸೀಮೆಯಲ್ಲಿ ಎರಡೇ ಬಗೆಯವು: ಹೆಸರಿಡುವ ಮೊದಲು ಹೋದ ಕೂಸುಗಳು, ಊರು ಕೇರಿ ಇಲ್ಲದ ದಾರಿಹೋಕರು. ಕುಳವಾಡಿಗೆ ಇದು ಇನ್ನೂ ಕಷ್ಟ. ಊರಿನ ಪ್ರತಿಯೊಂದು ಹೆಣದ ಮುಂದೆಯೂ ನಡೆದವರು ಇವರು. ಬಡವ ಬಲ್ಲಿದ ಎನ್ನದೆ ಎಲ್ಲರನ್ನೂ ಸದ್ದು ಮಾಡಿ ಕಳಿಸಿಕೊಟ್ಟವರು. ಅವರು ಮಾತ್ರ ಸದ್ದಿಲ್ಲದೆ ಹೋಗಬೇಕು. ಜಗಲಿಯ ಕೆಳಗೆ ನಿಂತಿದ್ದ ದೊಡ್ಡತಾಯಮ್ಮ ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಾರೆ.

ಚಿಕ್ಕಮಾದಯ್ಯ ತಮ್ಮ ಅಂಗೈ ನೋಡಿಕೊಳ್ಳುತ್ತಾರೆ. "ಒಪ್ಗೆ ಬುದ್ದಿ" ಎನ್ನುತ್ತಾರೆ.

ಗುಮಾಸ್ತರು ಬರೆದುಕೊಳ್ಳುತ್ತಾರೆ. ಪಂಚಾಯ್ತಿಯ ನಡಾವಳಿಯಲ್ಲಿ ಇಂಥ ತೀರ್ಮಾನವನ್ನು ಹೇಗೆ ಬರೆಯುವುದೆಂದು ಅವರಿಗೂ ಗೊತ್ತಾಗಲಿಲ್ಲವಂತೆ. 'ತಮಟೆ ಬಡಿಯಲು ಅನುಮತಿ ನೀಡಲಾಗಿದೆ' ಎಂದಷ್ಟೇ ಬರೆದರು.

ಮಂಗಳವಾರ ಬೆಳಗ್ಗೆ ಮತ್ತೆ ಅದೇ ಒಣಹುಲ್ಲು, ಅದೇ ಉರಿ. ಈ ಸಾರಿ ತಮಟೆ ಗೂಟಕ್ಕೆ ಹೋಗುವುದಿಲ್ಲ. ಕೆಳಗಿನ ಬೀದಿಯ ತುದಿಯಲ್ಲಿ ನಿಂತು ಮೂರು ಪೆಟ್ಟು ಬಡಿಯುತ್ತಾರೆ. ತಿಂಗಳುಗಟ್ಟಲೆ ಸುಮ್ಮನಿದ್ದ ಚರ್ಮ ಗುಡ್ಡಕ್ಕೆ ಬಡಿದು ಮಾರ್ದನಿಸುವಂತೆ ಸದ್ದು ಮಾಡುತ್ತದೆ. ಮಲೇರಿಯಾದವರು ಇವತ್ತೇ ಬರುತ್ತಾರೆ, ಪಾತ್ರೆ ಪಡಗ ಹೊರಗಿಡಿ ಎಂದು ಸಾರುತ್ತಾರೆ. ಹಲವು ಬಾಗಿಲುಗಳು ಅಭ್ಯಾಸದಂತೆ ಮುಚ್ಚಿಕೊಳ್ಳುತ್ತವೆ. ನೀಲಾಂಬಿಕೆಯವರು ಬಾಗಿಲು ತೆರೆದು ಹೊಸ್ತಿಲ ಮೇಲೆ ಕೂತು ಪೂರ್ತಿ ಕೇಳುತ್ತಾರೆ. ಅಂಗಡಿ ಬೀದಿಯಲ್ಲಿ ಪುಟ್ಟಮಲ್ಲಪ್ಪನವರು ಬೀಗ ತೆಗೆಯುತ್ತಿದ್ದವರು, ಮುಂದಿನ ತಿಂಗಳ ಮೊಮ್ಮಗಳ ಮದುವೆಗೆ ಬಾ ಎಂದು ಹೇಳುತ್ತಾರೆ.

ಸುತ್ತು ಮುಗಿಸಿ ಸಂತೆಮಾಳದ ಕಲ್ಲಿನ ಮೇಲೆ ಕೂತು ಎಲೆಅಡಿಕೆ ಹಾಕಿಕೊಳ್ಳುವಾಗ, ಕೇಳಬಾರದೆಂದುಕೊಂಡಿದ್ದ ಮಾತನ್ನು ಕೇಳಿಯೇ ಬಿಡುತ್ತೇನೆ. ನಿಮ್ಮ ಮುಂದೆ ತಮಟೆ ಇಲ್ಲದೆ ಹೋಗಬೇಕಲ್ಲ, ಬೇಜಾರಿಲ್ಲವೇ?

ಅವರು ಸುಣ್ಣದ ಬೆರಳನ್ನು ಕಲ್ಲಿಗೆ ಒರೆಸುತ್ತಾರೆ. ಕೆಳಗಿನ ಊರಿನ ಕಡೆ ನೋಡುತ್ತಾ, ಅವಸರವಿಲ್ಲದೆ ಹೇಳುತ್ತಾರೆ:

"ನಮ್ ಕೇರೀಲಿ ಯಾರಾರ ಓದ್ರೆ, ತಮಟೆ ಕೇಳಿ ಊರೋರು ಆಚ್ಗೆ ಬತ್ತಾರೆ ಸ್ವಾಮಿ. ಯಾರ್ಲಾ ಅಂತಾರೆ. ಎಸ್ರು ಏಳ್ತೀನಿ. ಕೇರಿಯೋರು ಅಂತ ಗೊತ್ತಾದೇಟ್ಗೆ ಒಳೀಕೋಗಿ ಬಾಗ್ಲಾಕ್ಕತಾರೆ. ನಮ್ಮಪ್ಪ ಓದಾಗ ನಾನೇ ಬಡ್ದಿದ್ದು. ಅವತ್ತೂ ಅಂಗೇ ಆಕ್ಕಂಡ್ರು."

ಬಾಯಲ್ಲಿದ್ದ ಎಲೆಯನ್ನು ಒಂದು ಕಡೆಗೆ ಸರಿಸಿಕೊಳ್ಳುತ್ತಾರೆ.

"ನನ್ ತಮಟೆಗೆ ಊರೇ ಎದ್ದು ಈ ಮಾಳದ್ಗಂಟ ಬಂತು. ಛೇರ್ಮನ್ರು ಬಂದ್ರು, ಅಂಗ್ಡಿ ಬೀದಿಯೋರು ಬಂದ್ರು, ಅಯ್ನೋರೂ ಬಂದ್ರು. ನನ್ನೆಸ್ರು ಏಳ್ದ ಮ್ಯಾಲೂ ಒಬ್ರೂ ಇಂದಕ್ಕೆ ಓಗ್ನಿಲ್ಲ. ಬೆಳಗಾಗೋ ಗಂಟ ಮಳೇಲಿ ನನ್ ಸುತ್ತ್ಲೂ ಕುಂತಿದ್ರು. ನಾ ಓದಾಗ ಇನ್ನೊಂದ್ ಸಾರಿ ಬಡಿದ್ರೂ ಅಷ್ಟು ಜನ ಬರಾಕಿಲ್ಲ ಬುಡಿ ಸ್ವಾಮಿ."